ಎರಡೂವರೆ ಸುತ್ತು

ಸುಂಕದಕಟ್ಟೆ, ಏಳನೇ ಅಡ್ಡರಸ್ತೆ, ಬೆಳಗಿನ ಜಾವ ನಾಲ್ಕೂಕಾಲು.
ಮುಚ್ಚಳ ಎತ್ತಿ, ಕಬ್ಬಿಣದ ಕೀ ಇಳಿಸಿ
ಎರಡೂವರೆ ಸುತ್ತು ತಿರುಗಿಸುತ್ತೇನೆ.
ನೆಲದೊಳಗೆ ಯಾರೋ ಗಂಟಲು ಸರಿಮಾಡಿಕೊಂಡ ಸದ್ದು.
ಬಂತು ಹೊಳೆ,
ನೂರು ಕಿಲೋಮೀಟರು ಏರು ಹತ್ತಿ
ಕಣ್ಣು ಕಟ್ಟಿಸಿಕೊಂಡು.

ಭಾಗೀರಥಮ್ಮ ಆಗಲೇ ನಿಂತಿದ್ದಾರೆ: ಹನ್ನೊಂದು ಕೊಡ,
ಕಿವಿ ಮುರಿದ ಬಕೆಟ್ಟು, ಮೊಮ್ಮಗಳ ಸ್ಕೂಲಿನ ಬಾಟಲಿ.
‘ಇವತ್ತೊಂದರ್ಧ ಗಂಟೆ ಜಾಸ್ತಿ ಬಿಡೋ ಮುತ್ತುರಾಯ,
ಸೊಸೆ ಹಸಿ ಬಾಣಂತಿ.’
ಬಿಟ್ಟೆ.

ಮೊನ್ನೆ ಅಕ್ಕನ ಗಂಡ ಫೋನು ಮಾಡಿದ್ದ, ಹೊಳೆದಂಡೆಯಿಂದ:
ಹರಿಗೋಲು ಮಗುಚಿ ಹಾಕಿದ್ದೇನೆ,
ಅದರಡಿ ಕೋಳಿ ಕಾವಿಗೆ ಕೂತಿದೆ.
ಒಗೆಯುವ ಬಂಡೆ ಬುಡದವರೆಗೂ ಒಣಗಿದೆ.
ಅವ್ವನ ಬೂದಿ ಬಿಟ್ಟೆವು,
ಪಾದದ ಹತ್ತಿರವೇ ನಿಂತುಬಿಟ್ಟಿತು
ಹೋಗಲು ಮನಸ್ಸಿಲ್ಲದವಳ ಹಾಗೆ.
ಬೊಗಸೆಯಲ್ಲಿ ನೀರು ತಳ್ಳಿ ತಳ್ಳಿ ಕಳಿಸಿದೆವು.

ನಿನ್ನ ಕೀ, ಅಂತ ಅವನು ಅನ್ನಲಿಲ್ಲ.
ಊಟ ಆಯ್ತಾ ಅಂದ.

ಕಚೇರಿಯ ಕಾಗದದಲ್ಲಿ ದಿನಕ್ಕೆಷ್ಟು ಕೋಟಿ ಲೀಟರು ಎಂದಿದೆ.
ಮೀನಿಗೆಷ್ಟು, ಎಮ್ಮೆಯ ಬೆನ್ನಿಗೆಷ್ಟು,
ಈಜು ಕಲಿಯುವ ಹುಡುಗನ ಎದೆಮಟ್ಟಕ್ಕೆಷ್ಟು,
ಬೂದಿಗೆಷ್ಟು?
ಆ ಕಾಲಂ ಹುಡುಕಿದೆ. ಸಹಿ ಹಾಕುವ ಜಾಗ ಸಿಕ್ಕಿತು.

ಐದಕ್ಕೆ ಹತ್ತು ನಿಮಿಷ. ಬೀದಿಯ ಕೊನೆಯಲ್ಲಿ
ಯಾರೋ ಪೈಪು ಹಿಡಿದು ಕಾರು ತೊಳೆಯುತ್ತಿದ್ದಾರೆ,
ಚಕ್ರಗಳನ್ನೂ, ಪ್ರೀತಿಯಿಂದ.
ಇತ್ತ ಹನ್ನೊಂದನೇ ಕೊಡ ಇನ್ನೂ ಕುತ್ತಿಗೆಗೆ ಬಂದಿಲ್ಲ.

ಕೀ ಹಿಂದಕ್ಕೆ ತಿರುಗಿಸಿದೆ.
ಒಂದು.
ಎರಡು.
ಇನ್ನರ್ಧ ಸುತ್ತು
ಕೈಯಲ್ಲೇ ಇದೆ.