ರಂಗಯ್ಯನದುರ್ಗ, ರಾತ್ರಿ ಎಂಟೂವರೆ

ಬಂಡೆಯ ನೆತ್ತಿಗೆ ಹತ್ತಿ ಕೂತಿದ್ದೇವೆ,
ನಾನು ಮತ್ತು ವಾಚರ್ ಓಬಳೇಶಪ್ಪ.
ಮರ ಅಡ್ಡ ಬರಬಾರದು, ಮೋಡ ಪರವಾಗಿಲ್ಲ.
ಪರವಾನಗಿ ಪತ್ರ ಪ್ಲಾಸ್ಟಿಕ್ಕಿನೊಳಗೆ,
ಫೋನಿನ ದಪ್ಪ ಆಂಟೆನಾ ಆಕಾಶಕ್ಕೆ,
ಅಲ್ಲಿಂದ ಲ್ಯಾಪ್‌ಟಾಪಿಗೊಂದು ವಯರು.

ಸಂಜೆ ಕಮರದ ನೆರಳಲ್ಲಿ ಕಂಡದ್ದನ್ನು ಕಳಿಸಬೇಕು:
ಕೊಂಡುಕುರಿ. ಹೆಣ್ಣು. ಜತೆಗೊಂದು ಮರಿ.
ಫೋಟೊ ಇದೆ. ಅದು ಹೋಗಿ ಮುಟ್ಟುವಷ್ಟರಲ್ಲಿ
ಬೆಳಗಾಗುತ್ತದೆ, ನಿಮಿಷಕ್ಕಿಷ್ಟು ಎಂದು
ಲೆಕ್ಕದ ಗುಮಾಸ್ತ ನನ್ನನ್ನೇ ಹಿಡಿಯುತ್ತಾನೆ.

ಚಿತ್ರ ಬಿಟ್ಟೆ. ವಾಕ್ಯ ಬರೆದೆ.
ವಾಕ್ಯವೂ ಭಾರ. ಕನ್ನಡದ ಒಂದು ಅಕ್ಷರಕ್ಕೆ
ಇಂಗ್ಲಿಷಿನ ಮೂರರಷ್ಟು ಜಾಗ ಬೇಕಂತೆ,
ಒತ್ತು, ಕೊಂಬು, ದೀರ್ಘದ ಬಾಡಿಗೆ ಬೇರೆ.
ಅದನ್ನೂ ಅಳಿಸಿ ಅಂಕಿ ಮಾಡಿದೆ:
4, 1, 1, 1750.

"ಅಷ್ಟೇನಾ?" ಎಂದ ಓಬಳೇಶಪ್ಪ,
ಹಚ್ಚದ ಬೀಡಿ ಕಿವಿಗೆ ಸಿಕ್ಕಿಸಿಕೊಂಡು.
"ಮರಿ ಎದ್ದು ಎದ್ದು ಬಿದ್ದದ್ದು? ತಾಯಿ
ನೆಲಕ್ಕೆ ಕಾಲು ಬಡಿದು ನಮ್ಮನ್ನ ಗದರಿಸಿದ್ದು?
ಅದಕ್ಕೆ ನಂಬರ್ ಇಲ್ಲೇನ್ರಿ?"

ಇಲ್ಲ.

ಪರದೆಯ ಪಟ್ಟಿ ತೆವಳಿತು. ಎಪ್ಪತ್ತು. ಎಂಬತ್ತೊಂದು.
ಅಲ್ಲೇ ನಿಂತಿತು;
ಉಪಗ್ರಹ ಗುಡ್ಡದಾಚೆ ಇಳಿದುಹೋಗಿತ್ತು.
"ಇನ್ನೊಂದು ಬರ್ತೈತಿ ಬಿಡ್ರಿ, ಜಗಳೂರು ಬಸ್ಸಿದ್ದಂಗೆ"
ಎಂದು ಬುತ್ತಿ ಬಿಚ್ಚಿದ. ರೊಟ್ಟಿ, ಶೇಂಗಾ ಚಟ್ನಿ.

ಕೆಳಗೆ ಕತ್ತಲಲ್ಲಿ ಗೊರಸಿನ ಸದ್ದು, ಒಂದೇ ಸಲ.
ಇಬ್ಬರೂ ಅಗಿಯುವುದು ನಿಲ್ಲಿಸಿದೆವು.
ಅಷ್ಟರಲ್ಲಿ ಫೋನು ಕೀ ಎಂದಿತು, ಬಂತು ಬಸ್ಸು.

ಅಂಕಿಗಳ ಕೊನೆಗೆ ಅವಸರದಲ್ಲಿ ಸೇರಿಸಿದೆ: ಟಪ್.
ಒಂಬತ್ತು ಬೈಟು.
ನನ್ನ ಸಂಬಳದಲ್ಲಿ ಹಿಡಿದುಕೊಳ್ಳಲಿ.