ತೂಗಿದ ಬೀಗ

ಮತ್ರಾ ಸೂಕಿನ ಒಳಗಲ್ಲಿ. ಅಸರ್ ನಮಾಜು ಮುಗಿಸಿ
ಶಟರ್ ಅರ್ಧಕ್ಕೆ ಎತ್ತಿದ್ದ ಮುರಾದ್ ಬಕ್ಷ್.
“ಅರಮನೆ ಬಾಗಿಲಿನದು, ಸಾಬ್. ಹದಿನೆಂಟು ರಿಯಾಲ್.”

ಅಂಗೈ ತುಂಬ ಮೀನು.
ಬಾಲದಲ್ಲಿ ತಿರುಪಿನ ಕಿಂಡಿ, ಕೀಲಿ ಇಲ್ಲ.
ಜೇಬಿನ ಅಯಸ್ಕಾಂತ ಹೊಟ್ಟೆಗೆ ಅಂಟಲಿಲ್ಲ, ಕೊಂಡಿಗೆ ಅಂಟಿತು:
ಮೈ ಹಿತ್ತಾಳೆ, ಕೊಂಡಿ ಕಬ್ಬಿಣ.
ಮೀನುಗಣ್ಣಿನ ಹತ್ತಿರ ಅಕ್ಷರವೋ ಗೀರೋ;
ಬಸ್ ಟಿಕೆಟ್ಟು ಹಾಸಿ ಪೆನ್ಸಿಲ್ ಉಜ್ಜಿದೆ,
ಮೂರು ಚುಕ್ಕಿ ಎದ್ದವು, ಹೆಸರು ಏಳಲಿಲ್ಲ.

ಪರ್ಷಿಯಾ ಅನ್ನಲೇ? ಸೂರತ್ತು?
ರೂಮಿನ ಟ್ರಂಕಿನಲ್ಲಿರುವ ಅರವತ್ತಮೂರರಲ್ಲಿ
ಇದಕ್ಕೆ ಅಣ್ಣತಮ್ಮ ಯಾರೂ ಇಲ್ಲ.

ಉಗುರಿಗೆ ಸಿಕ್ಕಿತು ಆಮೇಲೆ,
ಕೊಂಡಿಯ ಒಳಬಾಗಿನಲ್ಲಿ
ಎಡಕ್ಕೊಂದು ತಗ್ಗು, ಬಲಕ್ಕೊಂದು ತಗ್ಗು.
ಬಾಗಿಲಿನ ಬೀಗ ಹೀಗೆ ಸವೆಯುವುದಿಲ್ಲ,
ನಿಂತಲ್ಲೇ ನಿಂತು ತುಕ್ಕು ಹಿಡಿಯುತ್ತದೆ, ಅಷ್ಟೇ.
ಇದು ತೂಗಿದ್ದು.
ಅತ್ತ, ಇತ್ತ, ತಿಂಗಳುಗಟ್ಟಲೆ,
ಯಾವನೋ ನಾಖುದಾನ ಪೆಟ್ಟಿಗೆಗೆ ಜೋತುಬಿದ್ದು,
ಅವನು ಮಲಗಿದಾಗಲೂ.

“ಅರಮನೆಯದಲ್ಲ ಮುರಾದ್ ಭಾಯ್, ಹಡಗಿನದು.”

ಬೀಗ ವಾಪಸು ಇಸಕೊಂಡ.
ತಾನೂ ಉಗುರು ಆಡಿಸಿದ, ಎಡಕ್ಕೆ, ಬಲಕ್ಕೆ.
ಬಹಳ ಹೊತ್ತು ಮಾತಿಲ್ಲ.
“ಹಾಗಾದರೆ,” ಅಂದ, “ಇಪ್ಪತ್ತೆರಡು.”