ಚಪ್ಪಲಿ ಲೆಕ್ಕ

ಏಪ್ರಿಲ್ ರಜೆ, ಬೆಳಿಗ್ಗೆ ಏಳು ಗಂಟೆ.
ಉದ್ಯಾವರದ ಈ ಕೆರೆಗೆ ಬಿಸಿಲು ಪೂರ್ತಿ ಇಳಿದಿಲ್ಲ,
ಅರ್ಧ ನೀರು ಬೆಚ್ಚಗೆ, ಅರ್ಧ ಇನ್ನೂ ನಿದ್ದೆಯಲ್ಲಿ.
ಮುರಕಲ್ಲಿನ ಮೇಲಿನ ಮೆಟ್ಟಿಲಲ್ಲಿ
ಹನ್ನೊಂದು ಜೊತೆ ಚಪ್ಪಲಿ.
ನಾನು ಮೊದಲು ಎಣಿಸುವುದು ಅವನ್ನು,
ಮಕ್ಕಳನ್ನು ಆಮೇಲೆ.

ನನ್ನ ಅಪ್ಪ ಕಲಿಸಿದ್ದು ಬೇರೆ ಥರ.
ದೋಣಿಯಿಂದ ಎತ್ತಿ ಒಗೆದರು, ಅಷ್ಟೇ ಪಾಠ.
ಈಜು ಬಂತು, ಇಲ್ಲವೆನ್ನುವುದಿಲ್ಲ.
ಅಪ್ಪನ ಕೈ ಹಿಡಿಯಲು ಮಾತ್ರ
ಮತ್ತೆ ನಾಲ್ಕು ವರ್ಷ ಬೇಕಾಯಿತು.

ಹಾಗಾಗಿ ನನ್ನಲ್ಲಿ ಒಗೆಯುವ ಪದ್ಧತಿ ಇಲ್ಲ.
ಮೊದಲ ದಿನ ಪಾದ ಮಾತ್ರ.
ಮರುದಿನ ಮೊಣಕಾಲಿಗೂ ನೀರಿಗೂ ಪರಿಚಯ.
ಆಮೇಲೆ ಗಲ್ಲ ಮುಳುಗಿಸಿ
ಬಿಸಿ ಚಹಾಕ್ಕೆ ಊದಿದ ಹಾಗೆ ಊದುವುದು.
ಮನ್ವಿತನ ಗುಳ್ಳೆ ದೊಡ್ಡದೋ ರೆನಿಟಾಳದ್ದೋ
ಎಂಬ ಜಗಳದಲ್ಲಿ ಅರ್ಧ ಗಂಟೆ ಹೋಯಿತು, ಹೋಗಲಿ.
ಅಫ್ರಾಳಿಗೆ ಮುಂದಿನ ಹಲ್ಲು ಎರಡಿಲ್ಲ.
ಊದಿದ್ದಕ್ಕಿಂತ ಒಳಗೆ ಹೋದದ್ದೇ ಹೆಚ್ಚು.
ಕೆಮ್ಮಿದಳು, ಕಣ್ಣು ಕೆಂಪಾಗಿ ನನ್ನ ಮುಖ ನೋಡಿದಳು.
ಈಗ ನಾನು ನಗಬಾರದು,
ಅಯ್ಯೋ ಎನ್ನಲೂಬಾರದು.
“ರುಚಿ ಹೇಗುಂಟು?” ಕೇಳಿದೆ.
ಸ್ವಲ್ಪ ಯೋಚಿಸಿದಳು.
“ಉಪ್ಪು ಕಮ್ಮಿ.”

ತುಳುವಿನಲ್ಲಿ ಹೆದರಿಕೆಗೆ ಪೋಡಿಗೆ.
ಇಲ್ಲಿಯ ಹೋಟೆಲುಗಳಲ್ಲಿ ಪೋಡಿ ಅಂದರೆ ಬಜ್ಜಿ,
ನೀರುಳ್ಳಿಯದ್ದು, ಬಾಳೆಕಾಯಿಯದ್ದು, ಜೀಗುಜ್ಜೆಯದ್ದು.
ಪೋಡಿಗೆಯನ್ನು ಚಪ್ಪಲಿ ಹತ್ತಿರ ಇಟ್ಟು ಬನ್ನಿ,
ಹೋಗುವಾಗ ಪೋಡಿ ಉಂಟು.
ಹಳೇ ಜೋಕು. ದಿನಾ ಹೇಳುತ್ತೇನೆ, ದಿನಾ ನಗುತ್ತಾರೆ.
ನಕ್ಕಾಗ ಹೊಟ್ಟೆ ಸಡಿಲ,
ಹೊಟ್ಟೆ ಸಡಿಲಾದ ಮಗು ತೇಲುತ್ತದೆ.
ನನ್ನ ವಿದ್ಯೆ ಇಷ್ಟೇ ಮಾರಾಯ್ರೇ.

ಸಿಪ್ಪೆ ಸುಲಿಯದ ಒಣ ತೆಂಗಿನಕಾಯಿ ಎರಡು,
ಹಗ್ಗ ಬಿಗಿದು ಎದೆಯಡಿಗೆ.
ರೆನಿಟಾಳ ಪಪ್ಪ ಮಸ್ಕತ್ತಿನಿಂದ ಕಳಿಸಿದ್ದು
ಗಾಳಿ ತುಂಬುವ ಗುಲಾಬಿ ರೆಕ್ಕೆ. ಅದೂ ಆದೀತು.
ಬಿಚ್ಚುವ ದಿನ ಯಾವುದೆಂದು ತಾಯಂದಿರು ಕೇಳುತ್ತಾರೆ,
ನನಗೇನು ಗೊತ್ತು?
ಒಂದು ಬೆಳಿಗ್ಗೆ ಮಗುವೇ ಬಿಚ್ಚಿ
ಕಾಯಿಯನ್ನು ಚೆಂಡು ಮಾಡಿ ಆಡುತ್ತಿರುತ್ತದೆ.

ಅಂಗಾತ ಮಲಗು ಅಫ್ರಾ. ಕಿವಿ ನೀರೊಳಗೆ ಹೋಗಲಿ.
ಮೇಲೆ ಗಿಡುಗ ಉಂಟಾ ಹುಡುಕು.
ಬೆನ್ನಡಿಗೆ ನನ್ನ ಅಂಗೈ,
ಆಮೇಲೆ ಮೂರು ಬೆರಳು,
ಆಮೇಲೆ ಒಂದು.
“ಟೀಚರ್, ಹಿಡಿದಿದ್ದೀರಾ?”
ಇಲ್ಲಿ ಸುಳ್ಳು ಹೇಳುವವರುಂಟು.
ನಾನು ಹೇಳುವುದಿಲ್ಲ. ನೀರಿನಲ್ಲಿ ನಾನಾಡಿದ ಸುಳ್ಳಿಗೆ
ಮಗು ದ್ವೇಷಿಸುವುದು ನೀರನ್ನು.
“ಒಂದು ಬೆರಳು ಉಂಟು.”
“ಈಗ?”
“ಈಗ ಇಲ್ಲ.”
ಕೇಳಿಸಿತೋ ಇಲ್ಲವೋ.
ಅಲ್ಲಿ ಒಂದಲ್ಲ, ಎರಡು ಗಿಡುಗ, ಅಂದಳು.

ಹೊಳೆಬದಿಯಲ್ಲಿ ಆ ವರ್ಷ
ಸಾಲಾಗಿ ಬಿಟ್ಟಿದ್ದ ಮೂರು ಜೊತೆ ಚಪ್ಪಲಿಯ ವಿಷಯ
ಇವರಿಗೆ ಹೇಳಿಲ್ಲ.
ಅದರಲ್ಲಿ ಒಂದರ ಕಿತ್ತ ಬಾರಿಗೆ ಪಿನ್ನು ಹಾಕಿ ಕೊಟ್ಟವಳು ನಾನೇ,
ಶಾಲೆಯ ಜಗಲಿಯಲ್ಲಿ, ಬೆಳಿಗ್ಗೆ.
ಮನೆಗೆ ನೆಟ್ಟಗೆ ಹೋಗಿ ಅಂದಿದ್ದೆ.

ಒಂಬತ್ತಾಯಿತು. ತಲೆ ಒರೆಸಿ, ಪೋಡಿ ತಿಂದು,
ಎಣ್ಣೆಕೈ ಲಂಗಕ್ಕೆ ಚಡ್ಡಿಗೆ ಒರೆಸುತ್ತಾ ಓಡಿದರು.
ಮೆಟ್ಟಿಲಲ್ಲಿ ಒಂದು ಜೊತೆ ಉಳಿದಿತ್ತು.
ನೀಲಿ. ಪುಟ್ಟದು.
ಕೆರೆ ಅಲುಗುತ್ತಿರಲಿಲ್ಲ.

ಯಾವಾಗ ಇಳಿದೆನೋ,
ಸೀರೆ ಸಮೇತ ಎದೆಮಟ್ಟ ನೀರಿನಲ್ಲಿ
ಎರಡೂ ಕೈಯಲ್ಲಿ ತಡಕುತ್ತಿದ್ದೆ.
ಹಿಂದಿನಿಂದ ಸ್ವರ:
“ಚಪ್ಪಲಿ ಮರೆತೆ ಟೀಚರ್.
ನೀವೆಂತ ಮಾಡುವುದು?”
ಬಾಯಿ ತೆರೆದೆ, ಮಾತು ಬರಲಿಲ್ಲ.
ಅಫ್ರಾ ಬರಿಗಾಲಲ್ಲಿ ಕೆಳಗಿನ ಮೆಟ್ಟಿಲವರೆಗೆ ಬಂದು
ಕುಕ್ಕರುಗಾಲಲ್ಲಿ ಕೂತಳು.
“ಊದಿ,” ಅಂದಳು, “ಮೆಲ್ಲ.
ಬಿಸಿ ಚಹಾಕ್ಕೆ ಊದಿದ ಹಾಗೆ.”